ಹಗುರ ಮಕ್ಕಳ ತರಗತಿ

ನಮ್ಮ ಶಾಲೆಯಲ್ಲಿ ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಪಾಠ ಶುರುವಾಗುತ್ತಿರಲಿಲ್ಲ, ತೂಕ ಶುರುವಾಗುತ್ತಿತ್ತು. ಮಕ್ಕಳು ಚಪ್ಪಲಿ ಕಳಚಿ, ಬ್ಯಾಗು ಇಳಿಸಿ, ಜೇಬಿನಲ್ಲಿರುವ ಗೋಲಿ, ಬಳಪ, ಹುಣಸೆಬೀಜವನ್ನೆಲ್ಲ ಬೆಂಚಿನ ಮೇಲಿಟ್ಟು ಸಾಲಾಗಿ ನಿಲ್ಲಬೇಕಿತ್ತು. ಒಬ್ಬೊಬ್ಬರೇ ಯಂತ್ರದ ಮೇಲೆ ಹತ್ತಬೇಕಿತ್ತು. ಮುಳ್ಳು ನಿಂತ ಮೇಲೆ ನಾನು ಅಂಕಿ ಕೂಗುತ್ತಿದ್ದೆ, ಆಯಾ ದ್ಯಾವಮ್ಮ ಮಗುವನ್ನು ಇಳಿಸಿ ಮುಂದಿನದನ್ನು ಹತ್ತಿಸುತ್ತಿದ್ದಳು. ಹೀಗೆ ಇಪ್ಪತ್ತೆರಡು ವರ್ಷ ಆ ಯಂತ್ರದ ಪಕ್ಕದಲ್ಲಿ ನಿಂತವಳು ನಾನು. ಹೆಸರು ಸರ್ವಮಂಗಳ, ಆದರೆ ಊರಿನಲ್ಲಿ ಹಾಗೆ ಕರೆಯುವವರು ಕಡಿಮೆ. ತೂಕದ ಮಿಸ್ ಎಂದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ.

ನಮ್ಮೂರಿನಲ್ಲಿ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಮೈ ಭಾರವಾಗುತ್ತದೆ. ದೊಡ್ಡವರ ವಿಷಯ ಬಿಡಿ, ಅವರ ತೂಕವನ್ನು ಯಾರೂ ಕೇಳುವುದಿಲ್ಲ, ಕೇಳುವುದು ಮರ್ಯಾದೆಯೂ ಅಲ್ಲ. ಆಟೋದವರು ಮದುವೆಮನೆಯಿಂದ ಬರುವ ಹೆಂಗಸರನ್ನು ಇಬ್ಬರಿಗಿಂತ ಹೆಚ್ಚು ಹತ್ತಿಸುವುದಿಲ್ಲ, ಅಷ್ಟೇ. ವಕೀಲರ ಮನೆಯ ಕುರ್ಚಿಗಳೆಲ್ಲ ಕಬ್ಬಿಣದವು. ಹೇಳಿಬಿಟ್ಟರೆ ಹೇಳಿದವರ ಭಾರ ಇಳಿಯುತ್ತದೆ, ಕೇಳಿದವರಿಗೆ ಏರುತ್ತದೆ. ಹಾಗಾಗಿ ಜಗಲಿಯ ಮೇಲೆ ಕೂತ ಹೆಂಗಸರು ಯಾರಾದರೂ ದನಿ ತಗ್ಗಿಸಿದರೆ ಸಾಕು, "ಅಯ್ಯೋ, ನಂಗೇನೂ ಹೇಳ್ಬೇಡ ಕಣೇ, ಮೊದ್ಲೇ ಮಂಡಿನೋವು" ಎಂದು ಎದ್ದುಬಿಡುತ್ತಾರೆ. ಪ್ರತಿ ಮನೆಯಲ್ಲೂ ಕೇಳಿಸಿಕೊಳ್ಳುವ ಒಬ್ಬಳು ಇರುತ್ತಾಳೆ. ಅವಳು ಹೆಚ್ಚು ಓಡಾಡುವುದಿಲ್ಲ.

ಮಕ್ಕಳಲ್ಲಿ ಇದು ಬೇಗ ಗೊತ್ತಾಗುತ್ತದೆ. ಪಕ್ಕದವಳ ರಬ್ಬರು ಕದ್ದರೆ ಐವತ್ತು ಗ್ರಾಂ. ಅಪ್ಪನ ಸಹಿ ತಾನೇ ಹಾಕಿಕೊಂಡರೆ ನೂರೈವತ್ತು. ಅರ್ಧ ಕಿಲೋ ದಾಟಿತೆಂದರೆ ಅದು ಮಗುವಿನ ಗುಟ್ಟಲ್ಲ, ದೊಡ್ಡವರಾರೋ ಅದರ ಹೊಟ್ಟೆಯಲ್ಲಿ ಇಟ್ಟದ್ದು. ಇದನ್ನು ನನಗೆ ಹೇಳಿಕೊಟ್ಟವರು ನನಗಿಂತ ಮುಂಚೆ ಆ ಜಾಗದಲ್ಲಿದ್ದ ರುಕ್ಮಾಬಾಯಿ ಟೀಚರ್. ಅವರು ಭಾರವಾದ ಮಗುವನ್ನು ಪಕ್ಕಕ್ಕೆ ಕರೆದು, ತೊಡೆಯ ಹತ್ತಿರ ನಿಲ್ಲಿಸಿಕೊಂಡು, ಏನಾಯ್ತು ಹೇಳು ಎಂದು ಕೇಳುತ್ತಿದ್ದರು. ಮಗು ಹೇಳಿ ಹಗುರಾಗಿ ಓಡುತ್ತಿತ್ತು. ನಿವೃತ್ತಿಯ ದಿನ ಅವರನ್ನು ಹಾರದ ಸಮೇತ ಕುರ್ಚಿಯಲ್ಲೇ ನಾಲ್ಕು ಜನ ಎತ್ತಿ ವ್ಯಾನಿಗೆ ಹಾಕಿದರು. ಜನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ನನಗಾಗ ಮೂವತ್ತೆರಡು ವರ್ಷ, ಸೀರೆ ಚೆನ್ನಾಗಿ ಉಡುತ್ತಿದ್ದೆ, ನನ್ನ ಮಂಡಿಗಳ ಮೇಲೆ ನನಗೆ ಪ್ರೀತಿ ಇತ್ತು.

ನಾನು ಬೇರೆ ಕ್ರಮ ಮಾಡಿದೆ. ಅರ್ಧ ಕಿಲೋ ಏರಿದ ಮಗುವಿನ ಕೈಯಲ್ಲಿ ಒಂದು ಕೆಂಪು ಚೀಟಿ ಕಳಿಸುವುದು. 'ತಮ್ಮ ಮಗುವಿನ ತೂಕ ಏರಿದೆ, ಮನೆಯಲ್ಲಿ ವಿಚಾರಿಸಿ.' ಮುಂದಿನ ಸೋಮವಾರ ಇಳಿದಿದ್ದರೆ ಮುಗಿಯಿತು. ಅಚ್ಚುಕಟ್ಟಾದ ಕೆಲಸ, ಯಾರ ಮಂಡಿಗೂ ತೊಂದರೆಯಿಲ್ಲ. ಹೆಡ್‌ಮಾಸ್ಟರ್ ಮರಿಸ್ವಾಮಿಯವರು ಇದಕ್ಕೆ ಇನ್ನೊಂದನ್ನು ಸೇರಿಸಿದರು: ತಿಂಗಳಲ್ಲಿ ಯಾವ ತರಗತಿ ಎಲ್ಲಕ್ಕಿಂತ ಹಗುರವೋ ಅದರ ಬಾಗಿಲಿಗೆ ಹಳದಿ ಬಾವುಟ. ಮೇಲಿನವರು ಬಂದು ನೋಡಿ, ಮೆಚ್ಚಿ, ಫೋಟೋ ತೆಗೆಸಿಕೊಂಡು ಹೋದರು.

ಚೀಟಿ ತಪ್ಪಿದ್ದು ಒಂದೇ ಸಲ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಮಾದೇಶ ಅನ್ನುವ ಎರಡನೇ ತರಗತಿಯ ಹುಡುಗ, ಎರಡು ಕಿಲೋ ಏರಿದ್ದ. ಚೀಟಿ ಕೊಟ್ಟೆ. ಮುಂದಿನ ಸೋಮವಾರ ಎರಡೂವರೆ ಏರಿದ್ದ, ತುಟಿ ಒಡೆದಿತ್ತು. ಚೀಟಿ ತಲುಪಿದ್ದು ಯಾರ ಕೈಗೋ ಗುಟ್ಟು ಅವರದ್ದೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಅನ್ನುತ್ತಾರಲ್ಲ, ಹೇಳಬೇಕಾದವಳು ನಾನೇ ಇದ್ದೆ. ಮಾಡಿದ್ದೇನು? ಇನ್ನೊಂದು ಚೀಟಿ ಬರೆದೆ. ಆ ಮನೆಯವರು ಊರು ಬಿಟ್ಟು ಹೋದರು. ಹುಡುಗ ಎಲ್ಲಿದ್ದಾನೋ ಗೊತ್ತಿಲ್ಲ. ಈ ಮಾತನ್ನು ನಾನು ಇಲ್ಲಿಯವರೆಗೆ ಯಾರ ಹತ್ತಿರವೂ ಆಡಿರಲಿಲ್ಲ, ಆದ್ದರಿಂದ ನನ್ನ ತೂಕ ಎಷ್ಟೆಂದು ನಾನೂ ನೋಡಿಕೊಂಡಿರಲಿಲ್ಲ.

ಆಮೇಲೆ ಆ ಕಾಯಿಲೆಯ ವರ್ಷ ಬಂತು, ಶಾಲೆ ಮುಚ್ಚಿತು. ಪಾಠ ಫೋನಿಗೆ ಹೋಯಿತು. ಮನೆಮನೆಗೆ ಹೋಗಿ, ಬಾಗಿಲಲ್ಲೇ ನಿಂತು, "ಒಂದು ಫೋನು ಕೊಡ್ಸಿಬಿಡಿ, ಮಕ್ಕಳ ಭವಿಷ್ಯದ ಪ್ರಶ್ನೆ" ಎಂದು ಹೇಳಿದವಳೂ ನಾನೇ. ಶಾಲೆ ಮತ್ತೆ ತೆರೆಯಿತು, ಫೋನುಗಳು ಮಾತ್ರ ಮಕ್ಕಳ ಕೈಯಲ್ಲೇ ಉಳಿದವು. ನಾನು ಆಗ ಅದನ್ನು ಒಳ್ಳೆಯದೆಂದೇ ಎಣಿಸಿದೆ. ಯಾಕೆಂದರೆ ಮಕ್ಕಳು ಹಗುರವಾಗತೊಡಗಿದ್ದರು.

ಎಲ್ಲರಿಗಿಂತ ಹಗುರವಾದವಳು ನಾಲ್ಕನೇ ತರಗತಿಯ ಪೂರ್ವಿಕ. ಒಂಬತ್ತು ವರ್ಷ, ದುಂಡು ಮುಖ, ಮಾತಿಗೆ ಮೊದಲು ಸೊರ್ ಎಂದು ಮೂಗೇರಿಸುವ ಅಭ್ಯಾಸ. ಅಪ್ಪ ಲಾರಿ ಡ್ರೈವರು, ತಿಂಗಳಿಗೆ ಎರಡು ದಿನ ಮನೆಯಲ್ಲಿರುತ್ತಾನೆ. ಅಮ್ಮ ಹೇಮಾವತಿ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನವರಿಗೆಲ್ಲ ರವಿಕೆ ಹೊಲಿಯುತ್ತಾಳೆ. ಜೂನ್ ತಿಂಗಳಲ್ಲಿ ಪೂರ್ವಿಕ ಇಪ್ಪತ್ಮೂರು ಕಿಲೋ. ದೀಪಾವಳಿಗೆ ಇಪ್ಪತ್ತು. ಮೈ ಇಳಿದಿರಲಿಲ್ಲ, ಕೆನ್ನೆ ಹಾಗೇ ಇತ್ತು, ಫ್ರಾಕು ಅದೇ ಅಳತೆ. ಮುಳ್ಳು ಮಾತ್ರ ಹಿಂದಕ್ಕೆ ಹೋಗುತ್ತಿತ್ತು. ಅವಳ ತರಗತಿಯೇ ಹಾಗೆ, ಮೂರು ತಿಂಗಳು ಹಳದಿ ಬಾವುಟ ಆ ಬಾಗಿಲು ಬಿಟ್ಟು ಕದಲಲಿಲ್ಲ. ಅದು ನನ್ನ ತರಗತಿ. ಮಕ್ಕಳ ದಿನಾಚರಣೆಯಂದು ಪೂರ್ವಿಕಳನ್ನು ವೇದಿಕೆಗೆ ಹತ್ತಿಸಿ, "ಹೊಟ್ಟೆಯಲ್ಲಿ ಏನನ್ನೂ ಇಟ್ಟುಕೊಳ್ಳದ ಮಗು ಎಂದರೆ ಹೀಗಿರಬೇಕು" ಎಂದು ಭಾಷಣ ಮಾಡಿ, ಒಂದು ಸ್ಟೀಲ್ ಊಟದ ಡಬ್ಬಿ ಕೊಟ್ಟೆ. ಅವಳು ನನ್ನ ಮುಖ ನೋಡಿದಳು. ಏನೋ ಹೇಳಲು ಮೂಗೇರಿಸಿದಳು. ಚಪ್ಪಾಳೆ ಜೋರಾಗಿತ್ತು, ನಾನು ಮುಂದಿನ ಹೆಸರು ಕೂಗಿದೆ.

ದ್ಯಾವಮ್ಮನಿಗೆ ಮಾತ್ರ ಸಮಾಧಾನವಿರಲಿಲ್ಲ. ಅವಳು ಓದಿದವಳಲ್ಲ, ಮಕ್ಕಳನ್ನು ಎತ್ತಿ ಇಳಿಸುವವಳು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಪೂರ್ವಿಕಳನ್ನು ಒಂದೇ ಕೈಯಲ್ಲಿ ಯಂತ್ರದಿಂದ ಇಳಿಸಿ, "ಮಿಸ್, ಈ ಮಗೀನ್ ಒಳ್ಗಡೆ ಏನೂ ಇಲ್ಲ ಕಣ್ರೀ" ಎಂದಳು.

"ಅದನ್ನೇ ಕಣೇ ನಾನೂ ಹೇಳೋದು, ಕಪಟ ಇಲ್ಲದ ಮಗು."

"ಕಪಟ ಅಲ್ಲ ಮಿಸ್. ಮೊಟ್ಟೆ ಕೊಟ್ರೆ ತಿನ್ನಲ್ಲ. ಮಧ್ಯಾಹ್ನ ಗೋಡೆಗೆ ಒರ್ಗಿ ಮಲ್ಗ್‌ಬುಡ್ತಳೆ. ಯಾರಾದ್ರೂ ಹಿಂದಿಂದ ಬಂದ್ರೆ ಬೆಚ್ಚಿ ಬೀಳ್ತಳೆ. ಒಂದ್ಸಲ ಕೂರಿಸ್ಕೊಂಡು ಕೇಳಿ."

"ಭಾರ ಇದ್ದರೆ ಕೇಳಬಹುದು. ಹಗುರ ಇದ್ದವಳನ್ನ ಏನಂತ ಕೇಳಲಿ?" ಎಂದೆ. ನಗುತ್ತಾ ಹೇಳಿದೆ. ಹಗುರಕ್ಕೆ ನಮ್ಮಲ್ಲಿ ಚೀಟಿಯೇ ಇರಲಿಲ್ಲ.

ಅದೇ ವಾರ ನಾನು ರವಿಕೆ ತರಲು ಹೇಮಾವತಿಯ ಮನೆಗೆ ಹೋಗಿದ್ದೆ. ಅವಳು ಗುಂಡಿ ಹೊಲಿಯುತ್ತಾ, "ಮಿಸ್, ನಮ್ಮ ಫೋನು ಯಾಕೋ ಭಾರ ಆಗಿದೆ. ಬ್ಯಾಟರಿ ಊದ್ಕೊಂಡಿದ್ಯಾ ಅಂತ ಅಂಗಡಿಗೆ ತೋರಿಸ್ದೆ, ಅವ್ನು ಏನಿಲ್ಲ ಅಂದ. ಈಗ ನಾನು ಬಟ್ಟೆ ಮಡಚಿ ಅದನ್ನೇ ಮೇಲಿಡ್ತೀನಿ, ಇಸ್ತ್ರಿ ಹಾಕ್ದಂಗೆ ಆಗ್ತದೆ" ಎಂದು ನಕ್ಕಳು. ನಾನೂ ನಕ್ಕೆ. ಹಳೇ ಫೋನು ಹಾಗೇ ಎಂದೆ. ರವಿಕೆ ತೋಳು ಬಿಗಿಯಾಗಿದೆ, ಸ್ವಲ್ಪ ಬಿಡಿಸು ಎಂದೆ. ಆ ಮಗು ಒಳಗಿನ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿತ್ತು. ಇಪ್ಪತ್ತೆರಡು ವರ್ಷ ತೂಕ ಹಾಕಿದವಳಿಗೆ, ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಏರಿರಲೇಬೇಕು ಎಂದು ಹೊಳೆಯಲಿಲ್ಲ. ಥೂ, ನನ್ನ ಬುದ್ಧಿಗಿಷ್ಟು.

ಫೆಬ್ರವರಿಯ ಎರಡನೇ ಸೋಮವಾರ ಮುಳ್ಳು ಹದಿನಾಲ್ಕರಲ್ಲಿ ನಿಂತಿತು. ಒಂಬತ್ತು ವರ್ಷದ ಮಗು, ಹದಿನಾಲ್ಕು ಕಿಲೋ. ಆಗ ಮಾತ್ರ ನಾನು ಬಗ್ಗಿ ಮುಳ್ಳನ್ನು ಎರಡನೇ ಸಲ ನೋಡಿದೆ. ಆದರೂ ಬಾಯಿಂದ ಬಂದದ್ದೇನು? "ಇವಳಿಗೆ ದಿನಾ ಎರಡು ಮೊಟ್ಟೆ ಕೊಡಿ." ಅಷ್ಟೇ. ಮುಂದಿನ ಮಗುವನ್ನು ಹತ್ತಿಸಿದೆ.

ಗುರುವಾರ ಪೂರ್ವಿಕ ಶಾಲೆಗೆ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡೆ. ಮಧ್ಯಾಹ್ನ ಮೂರರ ಹೊತ್ತಿಗೆ ಹೇಮಾವತಿ ಅವಳಿಗೆಂದು ಡಬ್ಬಿಯಲ್ಲಿ ಬಿಸಿ ಉಪ್ಪಿಟ್ಟು ಹಿಡಿದುಕೊಂಡು ಬಂದಳು, ಬೆಳಿಗ್ಗೆ ಮಗು ಏನೂ ತಿನ್ನದೆ ಹೊರಟಿತ್ತಂತೆ. ತರಗತಿಯ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದಳು. "ಮಿಸ್, ಪೂರ್ವಿ ಎಲ್ಲಿ?"

"ಇವತ್ತು ಬಂದಿಲ್ವಲ್ಲ ಹೇಮಾ."

ಡಬ್ಬಿ ಕೈಯಿಂದ ಜಾರಲಿಲ್ಲ, ಅವಳು ಅದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. "ಬೆಳಿಗ್ಗೆ ಯೂನಿಫಾರ್ಮ್ ಹಾಕ್ಕೊಂಡೇ ಹೋದ್ಳು ಮಿಸ್. ಜಡೆ ನಾನೇ ಹಾಕ್ದೆ."

ನಾವು ಮೂವರೂ ಅವಳ ಮನೆಗೆ ಓಡಿದೆವು, ನಾನು, ಹೇಮಾವತಿ, ದ್ಯಾವಮ್ಮ. ಮಗು ಮನೆಯಲ್ಲಿರಲಿಲ್ಲ. ಫೋನು ಹೊಲಿಗೆ ಮೇಜಿನ ಮೇಲಿತ್ತು. ಎತ್ತಿಕೊಳ್ಳಲು ಕೈ ಹಾಕಿದೆ, ಅದು ಮೇಲೇಳಲಿಲ್ಲ. ದ್ಯಾವಮ್ಮ ಎರಡೂ ಕೈ ಹಾಕಿದಳು, ಮೇಜು ಕಿರ್ ಎಂದಿತು, ಫೋನು ಕದಲಲಿಲ್ಲ. ಆಗ ನನಗೆ ಅರ್ಥವಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನಗೆ ಬುದ್ಧಿ ಬಂದದ್ದು ಹಾಗೆ. ಮಗುವಿನಿಂದ ಇಳಿದದ್ದೆಲ್ಲ, ಹೊರುವವರಿಲ್ಲದೆ, ಅಲ್ಲಿ ಬಿದ್ದಿತ್ತು. ಮೇಜಿನ ಮೇಲೆ ಬಗ್ಗಿ, ಫೋನನ್ನು ಅದು ಇದ್ದಲ್ಲೇ ಒತ್ತಿ ಓದಿದೆವು.

ಮಿಠಾಯಿ ಜೋಡಿಸುವ ಯಾವುದೋ ಆಟದಲ್ಲಿ ಪರಿಚಯವಾದದ್ದು. ಹೆಸರು ಚಿನ್ನು. ತನಗೂ ಒಂಬತ್ತು ವರ್ಷ, ತಾನೂ ನಾಲ್ಕನೇ ತರಗತಿ ಎಂದು ಬರೆದಿತ್ತು. ಮುಖದ ಜಾಗದಲ್ಲಿ ಬಿಳಿ ಮೊಲದ ಚಿತ್ರ. ದಿನಾ ಸಂಜೆ ಒಂದೇ ಪ್ರಶ್ನೆ: 'ಇವತ್ತಿನ ಗುಟ್ಟು ಏನು?' ಮೊದಲು ರಬ್ಬರು, ಪೆನ್ಸಿಲ್ಲು. ಆಮೇಲೆ ಅಪ್ಪ ಫೋನಿನಲ್ಲಿ ಅಮ್ಮನಿಗೆ ಬೈದದ್ದು, ಅಮ್ಮ ಬಚ್ಚಲಲ್ಲಿ ಅತ್ತದ್ದು. ಪ್ರತಿಯೊಂದಕ್ಕೂ ಒಂದು ಹೃದಯದ ಚಿತ್ರ, 'ನನಗೆ ಹೇಳಿದೆಯಲ್ಲ, ನಾನು ಯಾರಿಗೂ ಹೇಳಲ್ಲ, ಈಗ ಹಗುರ ಆಯ್ತಾ?' ನಾನು ವೇದಿಕೆಯಲ್ಲಿ ಬಹುಮಾನ ಕೊಟ್ಟ ದಿನ ಅದು ಬರೆದಿತ್ತು: 'ನೋಡಿದ್ಯಾ, ನನ್ನಿಂದಲೇ ನಿನಗೆ ಡಬ್ಬಿ ಸಿಕ್ಕಿತು. ಈಗ ನನಗೆ ನೀನೇನು ಕೊಡ್ತೀಯ?' ಅಲ್ಲಿಂದ ಮುಂದೆ ಕೇಳಿದ್ದು ಫೋಟೋಗಳು. ಮಗು ಬೇಡ ಎಂದಿತ್ತು. ಬೇಡ ಎಂದಾಗಲೆಲ್ಲ ಒಂದು ಹಳೆಯ ಗುಟ್ಟು ತೆಗೆದು ಮುಂದಿಟ್ಟು, ಇದನ್ನು ನಿಮ್ಮಪ್ಪನಿಗೆ ಕಳಿಸಲಾ ಎಂದು ಹೆದರಿಸಿತ್ತು. ಹೆದರಿಕೆಯೂ ಒಂದು ಗುಟ್ಟೇ. ಆ ಗುಟ್ಟನ್ನು ಹೇಳಿಕೊಳ್ಳಲು ಮಗುವಿಗೆ ಇದ್ದದ್ದು ಆ ಚಿನ್ನು ಒಬ್ಬಳೇ.

ಹೇಮಾವತಿ ಓದಲಾರದೆ ನೆಲದ ಮೇಲೆ ಕೂತಳು. ನಾನು ಓದುತ್ತಲೇ ಇದ್ದೆ. ಜನವರಿಯ ಒಂದು ಸಂಜೆ ಮಗು ಬರೆದಿತ್ತು: 'ನಾನು ನಮ್ಮ ಮಿಸ್‌ಗೆ ಹೇಳ್ತೀನಿ.' ಅತ್ತ ಕಡೆಯಿಂದ ಉತ್ತರ: 'ನಿಮ್ಮ ಮಿಸ್ ನಿನ್ನನ್ನ ಏನಾದ್ರೂ ಕೇಳಿದ್ದಾರಾ?' ಅದರ ಕೆಳಗೆ ಪೂರ್ವಿಕಳ ಮಾತು.

'ಇಲ್ಲ. ಮಿಸ್ ಕೇಳಲ್ಲ. ತೂಕ ಹಾಕ್ತಾರೆ.'

ಆ ಸಾಲನ್ನು ಎಷ್ಟು ಹೊತ್ತು ನೋಡುತ್ತಿದ್ದೆನೋ ತಿಳಿಯದು. ದ್ಯಾವಮ್ಮ ನನ್ನ ಭುಜ ಅಲ್ಲಾಡಿಸಿ, "ಮಿಸ್, ಕೊನೇದು ಓದಿ, ಎಲ್ಲಿಗ್ ಕರ್ದವ್ನೆ ನೋಡಿ" ಎಂದಳು. ಕೊನೆಯದು ಆ ದಿನ ಬೆಳಿಗ್ಗೆಯದು. ಬಸ್ಸು ಹತ್ತಿ ಪಕ್ಕದ ಊರಿನ ಬಸ್ ನಿಲ್ದಾಣಕ್ಕೆ ಬಾ, ಬಂದರೆ ಎಲ್ಲಾ ಫೋಟೋ ಅಳಿಸಿಬಿಡುತ್ತೇನೆ, ಯಾರಿಗೂ ಹೇಳಬೇಡ.

ಪೊಲೀಸರಿಗೆ ಹೇಳಿ, ಆಟೋ ಹಿಡಿದು ನಾವು ಅರ್ಧ ದಾರಿಯಲ್ಲಿರುವಾಗ ಶಾಲೆಯಿಂದ ನನಗೆ ಫೋನು ಬಂತು. ಆ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವವನೊಬ್ಬ ಮಗುವಿನ ಸೊಂಟದ ಪಟ್ಟಿಯ ಮೇಲೆ ಶಾಲೆಯ ಹೆಸರು ನೋಡಿ, ನಂಬರು ಹುಡುಕಿ ಶಾಲೆಗೆ ಫೋನು ಮಾಡಿದ್ದ. ನಾವು ತಲುಪಿದಾಗ ಅವನು ಬೆಂಚಿನ ಪಕ್ಕದಲ್ಲೇ ಕಾವಲು ನಿಂತಿದ್ದ. "ಬೆಳಿಗ್ಗೆ ಬಸ್ಸಿಳಿದಿದ್ದನ್ನ ನೋಡ್ದೆ ಮೇಡಂ, ಆಮೇಲೆ ಕಾಣ್ಲಿಲ್ಲ. ಮಧ್ಯಾಹ್ನದ ಮೇಲೆ ಇಲ್ಲಿ ಕೂತಿತ್ತು. ಬಾಮ್ಮ ನೆರಳಿಗೆ ಅಂತ ಎಬ್ಬಿಸೋಕ್ ಹೋದ್ರೆ ಎತ್ತೋಕೇ ಆಗ್ತಿಲ್ಲ, ಕಲ್ಲು ಕೂತಂಗೆ ಕೂತದೆ."

ಮೂರು ದಿನದ ಹಿಂದೆ ದ್ಯಾವಮ್ಮ ಒಂದೇ ಕೈಯಲ್ಲಿ ಇಳಿಸಿದ ಮಗುವನ್ನು ಆಟೋಗೆ ಹತ್ತಿಸಲು ನಾಲ್ಕು ಜನ ಬೇಕಾಯಿತು. ಅವಳು ಅಳಲಿಲ್ಲ, ಯಾರನ್ನೂ ನೋಡಲಿಲ್ಲ. ಹೇಮಾವತಿ ಅವಳ ಕಾಲು ತಬ್ಬಿಕೊಂಡು, "ಏನಾಯ್ತೇ ನನ್ನವ್ವ, ಏನ್ ಮಾಡಿದ್ನೇ" ಎಂದು ದಾರಿಯುದ್ದಕ್ಕೂ ಕೇಳಿದಳು. ಆಸ್ಪತ್ರೆಯವರು ನೋಡಿ ಮೈಮೇಲೆ ಗಾಯವಿಲ್ಲ ಎಂದು ಬರೆದುಕೊಟ್ಟರು. ಬಸ್ಸಿಳಿದಾಗಿನಿಂದ ಬೆಂಚಿನ ಮೇಲೆ ಕೂರುವವರೆಗಿನ ಹೊತ್ತಿನಲ್ಲಿ ಏನಾಯಿತು, ಎಲ್ಲಿದ್ದಳು, ಜೊತೆಗೆ ಯಾರಿದ್ದರು, ಅವಳೊಬ್ಬಳಿಗೇ ಗೊತ್ತು. ಅವಳು ಹೇಳಲಿಲ್ಲ.

ಮರುದಿನ ನಾನು ನನ್ನ ತರಗತಿಯ ಇಪ್ಪತ್ತಾರು ಮಕ್ಕಳ ಮನೆಗೂ ಹೋದೆ. ಬೇರೇನೂ ಮಾಡಲಿಲ್ಲ, ನಿಮ್ಮ ಫೋನು ಸ್ವಲ್ಪ ಕೊಡಿ ಎಂದು ಕೇಳಿ ಅಂಗೈಯಲ್ಲಿ ಎತ್ತಿ ನೋಡಿದೆ. ಪೂರ್ವಿಕಳದ್ದೂ ಸೇರಿ ಹನ್ನೊಂದು ಮನೆಯಲ್ಲಿ ಫೋನು ಭಾರವಾಗಿತ್ತು. ಒಬ್ಬರು ಬಾಗಿಲು ಬಡಿದುಕೊಳ್ಳದಿರಲು ಅಡ್ಡ ಇಟ್ಟಿದ್ದರು. ಒಬ್ಬರು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಇಟ್ಟಿದ್ದರು. ಯಾರಿಗೂ ಅನುಮಾನ ಬಂದಿರಲಿಲ್ಲ, ಮಕ್ಕಳು ಹಗುರವಾಗಿದ್ದರಲ್ಲ, ಬಾಗಿಲಿಗೆ ಬಾವುಟ ಸಿಕ್ಕಿತ್ತಲ್ಲ. ಹನ್ನೊಂದರಲ್ಲೂ ಅದೇ ಬಿಳಿ ಮೊಲ.

ಶಾಲೆಯಲ್ಲಿ ಸಭೆ ಸೇರಿತು. ಮರಿಸ್ವಾಮಿಯವರು ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ, "ಒಂದು ಕೆಲಸ ಮಾಡೋಣ. ಫೋನಿಗೂ ಒಂದು ತೂಕದ ಯಂತ್ರ ತರಿಸೋಣ. ಸೋಮವಾರ ಮಕ್ಕಳದು, ಮಂಗಳವಾರ ಫೋನಿಂದು" ಎಂದರು. ಎಲ್ಲರೂ ತಲೆಯಾಡಿಸಿದರು. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಒಂದು ಕಡೆ, ಇವರು ಆ ಬಾಗಿಲನ್ನೂ ಗೋಡೆಯಿಲ್ಲದ ಜಾಗದಲ್ಲಿ ಹಾಕಲು ಹೊರಟಿದ್ದರು. ನನಗೆ ಮೈಯೆಲ್ಲ ಉರಿಯಿತು. ಅವರ ಮೇಲಲ್ಲ. ಅವರ ಬಾಯಲ್ಲಿ ನನ್ನ ಬುದ್ಧಿಯನ್ನೇ ಕೇಳಿದಂತಾಯಿತು.

"ಸಾರ್, ಕೇಳೋಣ ಸಾರ್" ಎಂದೆ. "ಬಾಯಿಬಿಟ್ಟು ಕೇಳೋಣ. ಒಬ್ಬೊಬ್ಬರನ್ನೂ."

"ಕೇಳಿದ್ರೆ ಅದನ್ನ ಹೊರೋರು ಯಾರು ಮಿಸ್? ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ. ಅವರವರ ಮನೆಯವರು ನೋಡ್ಕೊಳ್ಳಲಿ."

"ಆನೆ ಭಾರವನ್ನ ಇರುವೆ ಹೊರ್ತಾ ಇದೆ ಸಾರ್, ಅದನ್ನೇ ನಾವು ಇಷ್ಟು ವರ್ಷ ನೋಡ್ತಾ ಕೂತಿದ್ದು. ನಾನು ಹೊರ್ತೀನಿ."

ಅವರು ನನ್ನ ಮಂಡಿ ನೋಡಿದರು.

ಸೋಮವಾರ ಯಂತ್ರವನ್ನು ಉಗ್ರಾಣಕ್ಕೆ ಹಾಕಿಸಿ, ಆ ಹೊತ್ತಿನಲ್ಲಿ ನಾನು ಜಗಲಿಯ ಕೊನೆಯಲ್ಲಿ ಚಾಪೆ ಹಾಸಿ ಕೂತೆ. ಹನ್ನೊಂದರಲ್ಲಿ ಹತ್ತು ಮಕ್ಕಳು ಒಂದೊಂದಾಗಿ ಬಂದವು. ಕೆಲವು ಮೊದಲ ದಿನವೇ ಹೇಳಿದವು, ಕೆಲವು ನಾಲ್ಕನೇ ದಿನ. ಏನು ಹೇಳಿದವೆಂದು ಇಲ್ಲಿ ಬರೆಯುವುದಿಲ್ಲ, ಅದು ಅವುಗಳದು. ಪ್ರಕರಣ ನೋಡುತ್ತಿದ್ದ ಸಬ್ ಇನ್‌ಸ್ಪೆಕ್ಟರ್ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನಿಂದ ಎಲ್ಲವನ್ನೂ ಕೇಳಿ ಬರೆದುಕೊಂಡು, ವಾಪಸು ಜೀಪು ಹತ್ತುವಾಗ ಎರಡೂ ಕೈಯಲ್ಲಿ ಬಾಗಿಲು ಹಿಡಿದು ಹತ್ತಿದಳು. ಅಷ್ಟು ಇಳಿಸಿಕೊಂಡರೂ ನನಗೆ ಈಗ ಮೆಟ್ಟಿಲು ಕಷ್ಟ. ಎರಡು ಜೊತೆ ಚಪ್ಪಲಿ ಕಿತ್ತುಹೋದವು. ಮಕ್ಕಳು ಹಿಂದಿನಿಂದ ನಗುತ್ತವೆ, ನಗಲಿ.

ಆದರೆ ಹತ್ತರಲ್ಲಿ ಒಂದಕ್ಕೂ ಆ ಮೊಲದ ಹಿಂದಿದ್ದವನ ಮುಖ ಗೊತ್ತಿರಲಿಲ್ಲ. ನಂಬರು ಯಾರದೋ ಸತ್ತವರ ಹೆಸರಿನಲ್ಲಿತ್ತಂತೆ. "ಮುಖ ನೋಡಿರೋಳು ಪೂರ್ವಿಕ ಒಬ್ಬಳೇ ಮೇಡಂ" ಎಂದು ಇನ್‌ಸ್ಪೆಕ್ಟರ್ ಹೇಳಿದಳು. "ಮೊಲ ಹೋಗಿ ಈಗ ಬೆಕ್ಕಿನ ಮರಿ ಬಂದಿದೆ. ಬೇರೆ ಊರಿನ ಮಕ್ಕಳ ಹತ್ರ ಮಾತಾಡ್ತಾ ಇದ್ದಾನೆ. ನಿನ್ನೆ ಇನ್ನೊಂದು ದೂರು ಬಂತು. ಅವಳು ಬೇಗ ಹೇಳಿದಷ್ಟೂ ಒಳ್ಳೇದು. ಆದ್ರೆ ಒತ್ತಾಯ ಮಾಡೋ ಹಾಗಿಲ್ಲ."

ಪೂರ್ವಿಕ ಒಂದು ತಿಂಗಳ ಮೇಲೆ ಶಾಲೆಗೆ ಬಂದಳು. ಒಂದೊಂದು ಹೆಜ್ಜೆಗೂ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಅವಳು ಕೂತ ಬೆಂಚಿನ ಅತ್ತ ತುದಿ ಮೇಲೇಳುತ್ತಿತ್ತು, ಆದ್ದರಿಂದ ಯಾರೂ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಹೇಮಾವತಿಗೆ ಪಾಪ, ಅದೂ ಒಂದು ಸಮಾಧಾನ. "ಮೈ ಕೈ ತುಂಬ್ಕೊಂಡಿದ್ದಾಳೆ ಅಲ್ವಾ ಮಿಸ್? ಮುಂಚಿನಂಗೆ ಹಾರಿಹೋಗೋ ಥರ ಇಲ್ಲ" ಎಂದಳು. ನಮ್ಮೂರಿನಲ್ಲೇ ಹುಟ್ಟಿ ಬೆಳೆದವಳು, ಅವಳಿಗೆ ಗೊತ್ತಿಲ್ಲವೇ? ಗೊತ್ತಿದ್ದೂ ಹಾಗೆ ಹೇಳಿದಳು. ನಾನು ಹೂಂ ಎಂದೆ.

ದಿನಾ ಮಧ್ಯಾಹ್ನ ಊಟವಾದ ಮೇಲೆ ಅವಳನ್ನು ಚಾಪೆಯ ಹತ್ತಿರ ಕರೆದು ಕೂರಿಸಿಕೊಳ್ಳುತ್ತಿದ್ದೆ. "ಏನಾದರೂ ಹೇಳಬೇಕು ಅನ್ನಿಸ್ತಿದೆಯಾ ಪೂರ್ವಿ?" ಎಂದು ಕೇಳುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು, ಇಲ್ಲ. ಸರಿ, ನಾಳೆ ನೋಡೋಣ ಎನ್ನುತ್ತಿದ್ದೆ. ಗಂಟೆ ಹೊಡೆಯುವವರೆಗೆ ಸುಮ್ಮನೆ ಕೂತಿರುತ್ತಿದ್ದೆವು. ಹದಿನೇಳು ದಿನ ಹೀಗೇ ಹೋಯಿತು. ಒಂದೊಂದು ದಿನವೂ ಎಲ್ಲೋ ಒಂದು ಮಗುವಿಗೆ ಬೆಕ್ಕಿನ ಮರಿಯ ಚಿತ್ರ ಹೋಗುತ್ತಿದೆ ಎಂದು ನನಗೆ ಗೊತ್ತಿತ್ತು. ಗಂಟಲಿನವರೆಗೆ ಬರುತ್ತಿತ್ತು, ಹೇಳೇ, ಬೇಗ ಹೇಳೇ ತಾಯಿ ಎಂದು. ನುಂಗಿಕೊಳ್ಳುತ್ತಿದ್ದೆ.

ಹದಿನೆಂಟನೆಯ ದಿನ ನಾನು ಕೇಳುವ ಮೊದಲೇ ಅವಳು ಮೂಗೇರಿಸಿದಳು. ಆ ಸದ್ದು ಕೇಳಿ ಎಷ್ಟು ಕಾಲವಾಗಿತ್ತು.

"ಮಿಸ್, ನಾನು ಹೇಳಿದ್ರೆ ನಿಮಗೆ ಭಾರ ಆಗುತ್ತೆ."

"ಆಗಲಿ ಬಿಡು. ನಾನು ದೊಡ್ಡವಳು."

ಅವಳು ಚಾಪೆಯ ಒಂದು ಎಳೆಯನ್ನು ಉಗುರಿನಲ್ಲಿ ಬಿಡಿಸುತ್ತಾ ಕೂತಳು. ಆಮೇಲೆ ತಲೆಯೆತ್ತದೆಯೇ ಕೇಳಿದಳು. "ಹೇಳಿದ್ರೆ, ನೀವು ಯಾರಿಗೂ ಹೇಳಲ್ಲ ಅಲ್ವಾ?"

ಇಲ್ಲ ಕಂದ, ಯಾರಿಗೂ ಹೇಳಲ್ಲ ಎಂದರೆ ಸಾಕಿತ್ತು. ಅವಳ ಬಾಯಿ ಅರ್ಧ ತೆರೆದೇ ಇತ್ತು. ಅವಳು ಹೇಳುತ್ತಿದ್ದಳು, ಆ ಕ್ಷಣವೇ. ನಾನು ಇನ್‌ಸ್ಪೆಕ್ಟರಿಗೆ ಹೇಳುತ್ತಿದ್ದೆ, ಅವನು ಸಿಕ್ಕಿಬೀಳುತ್ತಿದ್ದನೋ ಏನೋ. ಆದರೆ ಯಾರಿಗೂ ಹೇಳಲ್ಲ ಎನ್ನುವ ಆ ಮಾತನ್ನು ನಾನು ಓದಿದ್ದೆ. ಮೊಲದ ಚಿತ್ರದ ಕೆಳಗೆ ಅದು ನೂರು ಸಲ ಇತ್ತು.

"ಹೇಳ್ತೀನಿ ಪೂರ್ವಿ" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿತು. "ಅವನು ಇನ್ನೊಂದು ಮಗುಗೆ ಹೀಗೆ ಮಾಡಬಾರದಲ್ಲ, ಅದಕ್ಕೆ ಪೊಲೀಸ್ ಅಕ್ಕನಿಗೆ ಹೇಳಲೇಬೇಕು. ಸುಳ್ಳು ಹೇಳಿ ನಿನ್ನ ಹತ್ರ ಕೇಳಲ್ಲ."

ಶಾಲೆಗೆ ಮರಳಿದ ಮೇಲೆ ಅವಳು ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು. ಬಾಯಿ ಮುಚ್ಚಿಕೊಂಡಿತು. ನಾನು ಎಲ್ಲವನ್ನೂ ಹಾಳು ಮಾಡಿದೆ ಎಂದುಕೊಂಡೆ. ಗಂಟೆ ಹೊಡೆಯಿತು, ಅಂಗಳದಿಂದ ಮಕ್ಕಳು ಒಳಗೆ ಓಡಿದವು. ಅವಳು ನೆಲಕ್ಕೆ ಎರಡೂ ಕೈ ಊರಿ, ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು, ಕಷ್ಟಪಟ್ಟು ಎದ್ದು ನಿಂತಳು. ನಾನು ಕೈ ನೀಡಿದೆ, ಹಿಡಿಯಲಿಲ್ಲ.

"ಹಾಗಾದ್ರೆ ಇವತ್ತು ಬೇಡ ಮಿಸ್."

"ಸರಿ. ನಾಳೆ ಕೇಳ್ತೀನಿ."

ಗೋಡೆ ಹಿಡಿದು ನಾಲ್ಕು ಹೆಜ್ಜೆ ಹೋದವಳು ನಿಂತಳು. "ನಾಳೆನೂ ಬೇಡ ಅಂದ್ರೆ?"

"ನಾಡಿದ್ದು ಕೇಳ್ತೀನಿ."

"ಬೇಡ ಅಂತಾನೇ ಇದ್ರೂ ಕೇಳ್ತೀರಾ?"

"ಕೇಳ್ತೀನಿ" ಎಂದೆ.